ಒಂದು ತಂತಿ, ಎಷ್ಟು ಮಾತು?

ಗಂಟೆಗೆ ಇಷ್ಟು ಲೀಟರ್ ನೀರು ಬಿಡುವ ನಲ್ಲಿ ಇಷ್ಟು ದೊಡ್ಡ ತೊಟ್ಟಿಯನ್ನು ತುಂಬಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬ ಲೆಕ್ಕವನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಮಾಡಿದ್ದೇವೆ. ಸಂಪರ್ಕ ಜಾಲದ ಲೆಕ್ಕವೂ ಮೇಲುನೋಟಕ್ಕೆ ಇದೇ ಬಗೆಯದು. ಒಂದು ಸೆಕೆಂಡಿಗೆ ಎಷ್ಟು ಬಿಟ್ ಸಾಗುತ್ತದೆ ಎಂಬುದನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿದರೆ ಆ ಅವಧಿಯಲ್ಲಿ ಸಾಗಬಹುದಾದ ದತ್ತಾಂಶ ಸಿಗುತ್ತದೆ. ಬಿಟ್ ಎಂದರೆ 'ಹೌದು' ಅಥವಾ 'ಇಲ್ಲ' ಎಂಬ ಒಂದು ಉತ್ತರ; ಅಂಕಿಯಲ್ಲಿ ಹೇಳುವುದಾದರೆ 1 ಅಥವಾ 0. ಎಂಟು ಬಿಟ್ ಸೇರಿದರೆ ಒಂದು ಬೈಟ್.

ಗುಣಾಕಾರ ಸುಲಭ. ಆದರೆ ನಲ್ಲಿ ಎಷ್ಟು ದಪ್ಪವಾಗಿದೆ ಎಂದು ಮೊದಲೇ ತಿಳಿಯುವುದು ಹೇಗೆ? ಸಾವಿರಾರು ಕಿಲೋಮೀಟರ್ ತಂತಿ ಎಳೆದ ಮೇಲೆ, ಕೋಟ್ಯಂತರ ಹಣ ಸುರಿದ ಮೇಲೆ 'ಅಯ್ಯೋ, ಇಷ್ಟೇ ಸಾಗುತ್ತದೆಯೇ' ಎಂದು ತಿಳಿದರೆ ಪ್ರಯೋಜನವೇನು? ತಂತಿಯನ್ನು ಹಾಕುವ ಮೊದಲೇ ಅದರ ಸಾಮರ್ಥ್ಯವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು ಎಂಬ ಅರಿವು ಮನುಷ್ಯನಿಗೆ ಸುಲಭವಾಗಿ ಬರಲಿಲ್ಲ. ಅದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಒಂದು ಇಡೀ ಕೇಬಲ್ ಸಮುದ್ರದ ಪಾಲಾಯಿತು. ಆ ಕಥೆಯನ್ನು ಈಗ ನೋಡೋಣ.

ಹದಿನಾರು ಗಂಟೆ, ತೊಂಬತ್ತೆಂಟು ಪದ

1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆಂಷಿಯಾ ದ್ವೀಪದಿಂದ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕುವ ಕೆಲಸ ಮುಗಿಯಿತು. ಉದ್ದ ಸುಮಾರು 3,200 ಕಿಲೋಮೀಟರ್. ಅದುವರೆಗೆ ಎರಡು ಖಂಡಗಳ ನಡುವೆ ಸುದ್ದಿ ಹಡಗಿನಲ್ಲಿ ಸಾಗಬೇಕಿತ್ತು. ಹತ್ತು ಹನ್ನೆರಡು ದಿನ ಬೇಕಾಗುತ್ತಿತ್ತು. ಆಗಸ್ಟ್ 16ರಂದು ವಿಕ್ಟೋರಿಯಾ ರಾಣಿಯ ಶುಭಾಶಯ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ತಂತಿಯ ಮೂಲಕ ಹೊರಟಿತು. ನ್ಯೂಯಾರ್ಕ್ ನಗರ ಸಂಭ್ರಮದಲ್ಲಿ ಮುಳುಗಿತು. ಹಾರಿಸಿದ ಪಟಾಕಿ, ಬಾಣಬಿರುಸುಗಳಿಂದ ಅಲ್ಲಿನ ನಗರಸಭೆ ಕಟ್ಟಡದ ಗೋಪುರಕ್ಕೇ ಬೆಂಕಿ ಹತ್ತಿಕೊಂಡಿತು.

ಸಂಭ್ರಮಿಸಿದವರಿಗೆ ತಿಳಿಯದ ಸಂಗತಿಯೊಂದಿತ್ತು. ರಾಣಿಯ ಆ ಸಂದೇಶದಲ್ಲಿ ಇದ್ದದ್ದು 98 ಪದಗಳು. ಅದನ್ನು ಕಳುಹಿಸಲು ಹಿಡಿದ ಸಮಯ ಸುಮಾರು 16 ಗಂಟೆ!

ನಮ್ಮ ಕಾಲದ ಮಾಪನದಲ್ಲಿ ಇದನ್ನು ಅಳೆದು ನೋಡೋಣ. 16 ಗಂಟೆ ಎಂದರೆ 960 ನಿಮಿಷ. ಅಂದರೆ ಒಂದು ಪದಕ್ಕೆ ಹತ್ತಿರ ಹತ್ತಿರ ಹತ್ತು ನಿಮಿಷ. ಇಂಗ್ಲಿಷಿನ ಒಂದು ಪದಕ್ಕೆ ಸರಾಸರಿ ಐದು ಅಕ್ಷರ, ಜೊತೆಗೆ ಒಂದು ಖಾಲಿ ಜಾಗ ಎಂದು ಹಿಡಿಯೋಣ. ಪ್ರತಿ ಅಕ್ಷರಕ್ಕೆ 5 ಬಿಟ್ ಎಂದುಕೊಂಡರೆ ಒಂದು ಪದಕ್ಕೆ 30 ಬಿಟ್, 98 ಪದಕ್ಕೆ 2,940 ಬಿಟ್. ಇವನ್ನು 57,600 ಸೆಕೆಂಡುಗಳಿಗೆ ಹಂಚಿದರೆ ಒಂದೊಂದು ಬಿಟ್‌ಗೂ ಸುಮಾರು 20 ಸೆಕೆಂಡು ಬೇಕಾಯಿತು. ಅಟ್ಲಾಂಟಿಕ್ ದಾಟಿದ ಮೊದಲ 'ಡೇಟಾ ಸಂಪರ್ಕ'ದ ವೇಗ ಇದು.

ಹಾಗಿದ್ದರೂ ಆ ಕೇಬಲ್ ನಿರುಪಯೋಗಿಯಾಗಿರಲಿಲ್ಲ. ಇದಕ್ಕೆ ಭಾರತದ ಇತಿಹಾಸದೊಂದಿಗೆ ಹೆಣೆದುಕೊಂಡ ಒಂದು ನಿದರ್ಶನವಿದೆ. 1857ರಲ್ಲಿ ನಮ್ಮಲ್ಲಿ ಸಿಡಿದ ಬಂಡಾಯವನ್ನು ಅಡಗಿಸಲು ಬ್ರಿಟಿಷ್ ಸರ್ಕಾರ ಕೆನಡಾ ಕಡೆಯ ತನ್ನ ನೆಲೆಗಳಿಂದ ಎರಡು ಪಡೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಲು ಆಜ್ಞೆ ಮಾಡಿತ್ತು. ಅಷ್ಟರಲ್ಲಿ ಬಂಡಾಯ ಬಹುಮಟ್ಟಿಗೆ ಅಡಗಿತ್ತು. ಪಡೆಗಳು ಹಡಗು ಹತ್ತುವ ಮೊದಲೇ ಹೊಸ ಕೇಬಲ್ ಮೂಲಕ 'ಹೊರಡಬೇಡಿ' ಎಂಬ ಸಂದೇಶ ತಲುಪಿತು. ಇದರಿಂದ ಉಳಿದ ಹಣ ಸುಮಾರು 50,000 ಪೌಂಡ್ ಎಂದು ಅಂದಾಜು. ಬೆರಳೆಣಿಕೆಯ ಪದಗಳ ಬೆಲೆ ಅಷ್ಟಾಗಿತ್ತು. ಸಂಪರ್ಕ ಎಂಬುದು ಅಧಿಕಾರದ ಸಾಧನವೂ ಹೌದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆದರೆ ದಿನ ಕಳೆದಂತೆ ಸಂಕೇತಗಳು ಮಸುಕಾಗುತ್ತಾ ಹೋದವು. ಸೆಪ್ಟೆಂಬರ್ ತಿಂಗಳಲ್ಲಿ ಕೇಬಲ್ ಬಳಕೆಗೆ ಬಾರದಂತಾಯಿತು.

ಕೆರೆಯ ತೂಬು, ಕಾಲುವೆಯ ತುದಿ

ಸಂಕೇತಗಳು ಇಷ್ಟು ನಿಧಾನವಾಗಿ ಹೋದದ್ದು ಏಕೆ? ನೆಲದ ಮೇಲೆ, ಕಂಬದಿಂದ ಕಂಬಕ್ಕೆ ಎಳೆದ ತಂತಿಯಲ್ಲಿ ಈ ತೊಂದರೆ ಅಷ್ಟಾಗಿ ಕಂಡಿರಲಿಲ್ಲ. ಸಮುದ್ರದೊಳಗಿನ ಕೇಬಲ್‌ನಲ್ಲಿ ಮಾತ್ರ ಒಂದು ತುದಿಯಲ್ಲಿ ಚುರುಕಾಗಿ ಒತ್ತಿದ ಸಂಕೇತ ಇನ್ನೊಂದು ತುದಿಯಲ್ಲಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಅಲೆಯಂತೆ ಕಾಣಿಸುತ್ತಿತ್ತು.

ಇದರ ಕಾರಣವನ್ನು 1854ರಲ್ಲಿ ಮೈಕೇಲ್ ಫ್ಯಾರಡೆ ವಿವರಿಸಿದರು. ಕೇಬಲ್ ಮಧ್ಯದಲ್ಲಿ ತಾಮ್ರದ ತಂತಿ, ಅದರ ಸುತ್ತ ಗಟ್ಟಾ ಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಹೊರಗೆ ಸಮುದ್ರದ ಉಪ್ಪುನೀರು. ಎರಡು ವಾಹಕಗಳ ನಡುವೆ ಒಂದು ಅವಾಹಕ. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಾಣುವ ವಿದ್ಯುತ್ ಧಾರಕದ ರಚನೆಯೂ ಇದೇ ಅಲ್ಲವೇ? ಹಾಗಾಗಿ ಇಡೀ ಕೇಬಲ್ ಸಾವಿರಾರು ಕಿಲೋಮೀಟರ್ ಉದ್ದದ ಒಂದು ಧಾರಕದಂತೆ ವರ್ತಿಸುತ್ತದೆ. ವಿದ್ಯುತ್ತು ಮೊದಲು ಅದನ್ನು ತುಂಬಿಸಬೇಕು, ಆಮೇಲೆ ಆ ತುದಿಯನ್ನು ಮುಟ್ಟಬೇಕು.

ನಮ್ಮ ಊರುಗಳ ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬು ಎತ್ತಿದ ಕೂಡಲೇ ಕಾಲುವೆಯ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ದಾರಿಯುದ್ದಕ್ಕೂ ಕಾಲುವೆ ನೆನೆದು ತುಂಬಿದ ಮೇಲೆಯೇ ತುದಿಗೆ ನೀರು. ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ಉಳಿದ ನೀರು ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ. ನಿಮಿಷಕ್ಕೊಮ್ಮೆ ತೂಬನ್ನು ತೆರೆದು ಮುಚ್ಚಿ ಮಾಡಿದರೆ ತುದಿಯ ರೈತನಿಗೆ ಅದು ಗೊತ್ತೇ ಆಗುವುದಿಲ್ಲ. ಅವನಿಗೆ ಕಾಣುವುದು ಒಂದೇ ಸಮನಾದ ಸಣ್ಣ ಹರಿವು. ಸಮುದ್ರದ ಕೇಬಲ್‌ನಲ್ಲಿ ನಡೆದದ್ದೂ ಇದೇ. ಚುಕ್ಕೆ, ಗೀಟುಗಳ ಮೋರ್ಸ್ ಸಂಕೇತಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು.

ಈ ವಿವರಣೆಗೆ ಗಣಿತದ ರೂಪ ಕೊಟ್ಟವರು ಗ್ಲಾಸ್ಗೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು ಇವರೇ. ಉಷ್ಣತೆಯ ಕೆಲ್ವಿನ್ ಮಾನಕ್ಕೆ ಇವರದೇ ಹೆಸರು. 1855ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಸರಳವಾಗಿತ್ತು. ಕೇಬಲ್ ಉದ್ದ ಎರಡು ಪಟ್ಟಾದರೆ ಅದರ ರೋಧ ಎರಡು ಪಟ್ಟಾಗುತ್ತದೆ. ಅದರ ಧಾರಕತೆಯೂ ಎರಡು ಪಟ್ಟಾಗುತ್ತದೆ. ಸಂಕೇತಕ್ಕೆ ಆಗುವ ತಡ ಇವೆರಡರ ಗುಣಲಬ್ಧವನ್ನು ಅವಲಂಬಿಸಿರುವುದರಿಂದ ಅದು ನಾಲ್ಕು ಪಟ್ಟಾಗುತ್ತದೆ. ಉದ್ದ ಹತ್ತು ಪಟ್ಟಾದರೆ ತಡ ನೂರು ಪಟ್ಟು. ಇದೇ 'ವರ್ಗಗಳ ನಿಯಮ'.

1851ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಹಾಕಿದ ಕೇಬಲ್ ಸುಮಾರು 40 ಕಿಲೋಮೀಟರ್ ಉದ್ದದ್ದು. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅಟ್ಲಾಂಟಿಕ್ ಕೇಬಲ್ ಅದರ 80 ಪಟ್ಟು ಉದ್ದ. ಎರಡರ ರಚನೆಯೂ ಒಂದೇ ಆಗಿದ್ದರೆ ತಡ 80 ಪಟ್ಟಲ್ಲ, 6,400 ಪಟ್ಟು! ಅಲ್ಲಿ ನಡೆಯಿತಲ್ಲ, ಇಲ್ಲಿಯೂ ನಡೆದೀತು ಎಂದು ಹೇಳುವವರಿಗೆ ಈ ಒಂದು ಗುಣಾಕಾರವೇ ಎಚ್ಚರಿಕೆಯ ಗಂಟೆ.

ಕಡೆಗಣಿಸಿದ ಲೆಕ್ಕ

ಆದರೆ ಗಂಟೆಯ ಸದ್ದು ಕೇಳಬೇಕಾದವರಿಗೆ ಕೇಳಿಸಲಿಲ್ಲ. ಕೇಬಲ್ ಕಂಪನಿಯ ವಿದ್ಯುತ್ ವಿಭಾಗದ ಮುಖ್ಯಸ್ಥರಾಗಿದ್ದವರು ವೈಲ್ಡ್‌ಮನ್ ವೈಟ್‌ಹೌಸ್. ವೃತ್ತಿಯಲ್ಲಿ ಅವರು ಶಸ್ತ್ರವೈದ್ಯರು. ವಿದ್ಯುತ್ತಿನ ಪ್ರಯೋಗಗಳಲ್ಲಿ ಸ್ವಂತ ಆಸಕ್ತಿಯಿಂದ ಪರಿಣತಿ ಪಡೆದಿದ್ದವರು. 1856ರಲ್ಲಿ ಅವರು ವಿಜ್ಞಾನಿಗಳ ಸಮ್ಮೇಳನವೊಂದರಲ್ಲಿ ತಮ್ಮ ಪ್ರಯೋಗಗಳನ್ನು ಮುಂದಿಟ್ಟು ವರ್ಗಗಳ ನಿಯಮ ಕೇಬಲ್‌ಗಳಿಗೆ ಅನ್ವಯಿಸುವುದಿಲ್ಲ ಎಂದು ವಾದಿಸಿದರು. ಥಾಮ್ಸನ್ ಇದಕ್ಕೆ ಪತ್ರಿಕೆಯಲ್ಲಿ ಉತ್ತರ ಬರೆದರು. ಪ್ರಯೋಗವನ್ನು ಸರಿಯಾಗಿ ಅರ್ಥೈಸಿದರೆ ಅದು ನಿಯಮಕ್ಕೆ ವಿರುದ್ಧವಾಗಿಲ್ಲ ಎಂಬುದು ಅವರ ನಿಲುವು.

ವರ್ಗಗಳ ನಿಯಮವನ್ನು ಒಪ್ಪಿದರೆ ಪರಿಹಾರವೂ ಅದರಲ್ಲೇ ಇತ್ತು. ತಾಮ್ರದ ತಂತಿಯನ್ನು ದಪ್ಪ ಮಾಡಿದರೆ ರೋಧ ಇಳಿಯುತ್ತದೆ. ಹೊದಿಕೆಯನ್ನು ದಪ್ಪ ಮಾಡಿದರೆ ಧಾರಕತೆ ಇಳಿಯುತ್ತದೆ. ಎರಡಕ್ಕೂ ಖರ್ಚು ಹೆಚ್ಚು. ಆದರೆ ಥಾಮ್ಸನ್ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿ ಬರುವ ಹೊತ್ತಿಗೆ ತೆಳುವಾದ ತಂತಿಯ ಕೇಬಲ್‌ಗೆ ಆದೇಶ ಹೋಗಿಬಿಟ್ಟಿತ್ತು. ಒಂದು ನಾವಿಕ ಮೈಲಿಗೆ ಕೇವಲ 107 ಪೌಂಡ್ ತಾಮ್ರ.

ಕೇಬಲ್ ನಿಧಾನವಾಗಿದೆ ಎಂದು ಕಂಡಾಗ ವೈಟ್‌ಹೌಸ್ ಹಿಡಿದ ದಾರಿ ವಿದ್ಯುತ್ ಒತ್ತಡವನ್ನು ಹೆಚ್ಚಿಸುವುದು. ದೊಡ್ಡ ಪ್ರೇರಣ ಸುರುಳಿಗಳಿಂದ ಸುಮಾರು 2,000 ವೋಲ್ಟ್ ಒತ್ತಡವನ್ನು ಅವರು ಕೇಬಲ್‌ಗೆ ಹಾಯಿಸಿದರು. ಕಾಲುವೆಯ ತುದಿಗೆ ನೀರು ಬೇಗ ತಲುಪಲಿ ಎಂದು ಕೆರೆಯ ನೀರನ್ನೆಲ್ಲ ಒಮ್ಮೆಲೇ ನುಗ್ಗಿಸಿದರೆ ಏನಾಗುತ್ತದೆ? ಕಾಲುವೆಯ ದಂಡೆ ಒಡೆಯುತ್ತದೆ. ಮೊದಲೇ ದುರ್ಬಲವಾಗಿದ್ದ ಹೊದಿಕೆ ಸೋತಿತು. ಒತ್ತಡ ಹೆಚ್ಚಿಸಿದ ಮಾತ್ರಕ್ಕೆ ರೋಧವಾಗಲಿ ಧಾರಕತೆಯಾಗಲಿ ಕಡಿಮೆಯಾಗುವುದಿಲ್ಲ ಎಂಬುದನ್ನು ನಿಯಮ ಮೊದಲೇ ಹೇಳಿತ್ತು.

ಥಾಮ್ಸನ್ ದಾರಿ ಇದಕ್ಕೆ ತದ್ವಿರುದ್ಧ. ಅವರು ಕಳುಹಿಸುವ ತುದಿಯಲ್ಲಿ ಬಲ ಹೆಚ್ಚಿಸಲು ಹೋಗಲಿಲ್ಲ. ಸ್ವೀಕರಿಸುವ ತುದಿಯಲ್ಲಿ ಸೂಕ್ಷ್ಮತೆಯನ್ನು ಹೆಚ್ಚಿಸಿದರು. ಒಂದು ಪುಟ್ಟ ಕನ್ನಡಿಗೆ ಸಣ್ಣ ಕಾಂತವನ್ನು ಅಂಟಿಸಿ, ಕನ್ನಡಿಯಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಸರಿಯುವುದನ್ನು ನೋಡುವ ಉಪಕರಣ ಅದು. ವಿದ್ಯುತ್ತಿನ ಅಲೆ ಪೂರ್ತಿ ಏರುವವರೆಗೆ ಕಾಯಬೇಕಿಲ್ಲ. ಅದು ಏರತೊಡಗಿದಾಗಲೇ ಚುಕ್ಕೆ ಅಲುಗುತ್ತದೆ. 1858ರ ಕೇಬಲ್ ಬದುಕಿದ್ದಷ್ಟು ದಿನ ಸಂದೇಶಗಳು ಸಾಗಿದ್ದು ಬಹುಮಟ್ಟಿಗೆ ಈ ಕನ್ನಡಿಯಿಂದ.

ತಪ್ಪನ್ನೆಲ್ಲ ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಬಲ್ ತಯಾರಿಕೆಯಲ್ಲಿ ಅವಸರವಿತ್ತು, ಅದನ್ನು ಬಿಸಿಲಿನಲ್ಲಿ ರಾಶಿ ಹಾಕಿದ್ದರಿಂದ ಹೊದಿಕೆ ಕೆಟ್ಟಿತ್ತು. ಸರ್ಕಾರ ಮತ್ತು ಕಂಪನಿ ಸೇರಿ ನೇಮಿಸಿದ ಸಮಿತಿ 1859ರಿಂದ 1861ರವರೆಗೆ ಇದನ್ನೆಲ್ಲ ಕೂಲಂಕಷವಾಗಿ ವಿಚಾರಿಸಿತು. ಅಲ್ಲಿಂದ ಮುಂದೆ ಕೇಬಲ್ ಎಂಬುದು ಸಾಹಸಿಗಳ ಅದೃಷ್ಟ ಪರೀಕ್ಷೆಯಾಗಿ ಉಳಿಯಲಿಲ್ಲ. ಅಳೆದು, ತೂಗಿ, ಲೆಕ್ಕ ಹಾಕಿ ಮಾಡುವ ಎಂಜಿನಿಯರಿಂಗ್ ಆಯಿತು.

ಫಲ 1866ರಲ್ಲಿ ಕಾಣಿಸಿತು. ಆ ವರ್ಷ 'ಗ್ರೇಟ್ ಈಸ್ಟರ್ನ್' ಎಂಬ ಬೃಹತ್ ಹಡಗು ಹಾಕಿದ ಹೊಸ ಕೇಬಲ್‌ನಲ್ಲಿ ನಾವಿಕ ಮೈಲಿಗೆ 300 ಪೌಂಡ್ ತಾಮ್ರ, 400 ಪೌಂಡ್ ಹೊದಿಕೆ ಇತ್ತು. ನಿಮಿಷಕ್ಕೆ ಸುಮಾರು 8 ಪದಗಳು ಸಾಗಿದವು. ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 4 ಬಿಟ್. ರಾಣಿಯ ಸಂದೇಶದ ವೇಗಕ್ಕೆ ಹೋಲಿಸಿದರೆ ಸುಮಾರು ಎಂಬತ್ತು ಪಟ್ಟು ಹೆಚ್ಚು.

1870ರಲ್ಲಿ ಮುಂಬಯಿಯಿಂದ ಏಡನ್, ಸೂಯೆಜ್, ಮಾಲ್ಟಾ, ಜಿಬ್ರಾಲ್ಟರ್ ಮಾರ್ಗವಾಗಿ ಇಂಗ್ಲೆಂಡಿಗೆ ಕೇಬಲ್ ಸಂಪರ್ಕ ಪೂರ್ಣಗೊಂಡಿತು. ದಾರಿಯಲ್ಲಿ ಇಷ್ಟು ನಿಲ್ದಾಣಗಳಿದ್ದುದರ ಲಾಭವನ್ನು ವರ್ಗಗಳ ನಿಯಮವೇ ಹೇಳುತ್ತದೆ. ಒಂದು ದೂರವನ್ನು ನಾಲ್ಕು ಸಮಭಾಗ ಮಾಡಿ, ಪ್ರತಿ ನಿಲ್ದಾಣದಲ್ಲೂ ಸಂದೇಶವನ್ನು ಹೊಸದಾಗಿ ಕಳುಹಿಸಿದರೆ ಒಂದೊಂದು ಭಾಗದ ತಡ ಇಡೀ ತಂತಿಯ ತಡದ ಹದಿನಾರನೆಯ ಒಂದು ಪಾಲು ಮಾತ್ರ.

ಮಾಹಿತಿಗೊಂದು ಅಳತೆ

ಇಲ್ಲಿಯವರೆಗೆ ವೇಗವನ್ನು ಅಳೆದದ್ದು 'ನಿಮಿಷಕ್ಕೆ ಎಷ್ಟು ಪದ' ಎಂದು. ಆದರೆ ಪದ ಎಂಬುದು ಒಳ್ಳೆಯ ಅಳತೆಯಲ್ಲ. ಒಂದು ಪದ ಚಿಕ್ಕದು, ಇನ್ನೊಂದು ಉದ್ದ. ಚಿತ್ರವನ್ನು, ಸಂಗೀತವನ್ನು ಪದಗಳಲ್ಲಿ ಎಣಿಸುವುದು ಹೇಗೆ?

ಮೊದಲ ಹೆಜ್ಜೆ ಇಟ್ಟವರು ಫ್ರಾನ್ಸಿನ ಎಮಿಲ್ ಬೋಡೊ. 1870ರ ದಶಕದಲ್ಲಿ ಅವರು ಪ್ರತಿಯೊಂದು ಅಕ್ಷರಕ್ಕೂ ಸಮಾನವಾಗಿ ಐದೈದು ಸ್ಥಾನಗಳ ಸಂಕೇತವನ್ನು ರೂಪಿಸಿದರು. ಪ್ರತಿ ಸ್ಥಾನದಲ್ಲೂ 'ಇದೆ' ಅಥವಾ 'ಇಲ್ಲ'. ಐದು ಸ್ಥಾನಗಳಿಂದ 32 ಬೇರೆ ಬೇರೆ ಸಂಕೇತಗಳು ಸಾಧ್ಯ. ಸೆಕೆಂಡಿಗೆ ಎಷ್ಟು ಮಿಡಿತಗಳು ಎಂಬುದರ ಮಾನಕ್ಕೆ 'ಬೋಡ್' ಎಂಬ ಹೆಸರು ಬಂದದ್ದು ಇವರಿಂದಲೇ.

ಎರಡನೆಯ ಹೆಜ್ಜೆ ಅಮೆರಿಕದ ಟೆಲಿಫೋನ್ ಸಂಸ್ಥೆಯಲ್ಲಿದ್ದ ಹ್ಯಾರಿ ನೈಕ್ವಿಸ್ಟ್ ಅವರದು. ಒಂದು ತಂತಿ ಹಾದುಹೋಗಲು ಬಿಡುವ ಆವೃತ್ತಿಗಳ ವ್ಯಾಪ್ತಿಗೆ ಬ್ಯಾಂಡ್‌ವಿಡ್ತ್ ಎನ್ನುತ್ತೇವೆ. ಅದು 3,000 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ ಅದರ ಎರಡರಷ್ಟು, ಅಂದರೆ 6,000 ಮಿಡಿತಗಳನ್ನು ಕಲಸಿಹೋಗದಂತೆ ಕಳುಹಿಸಬಹುದು ಎಂದು 1928ರ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದರು. ಅದೇ ವರ್ಷ ರಾಲ್ಫ್ ಹಾರ್ಟ್ಲಿ ಎಂಬುವರು ಮಾಹಿತಿಯನ್ನು ಅಳೆಯಲು ಲಾಗರಿದಮ್ ಬಳಸಬೇಕು ಎಂದು ವಾದಿಸಿದರು. ಒಂದು ಮಿಡಿತಕ್ಕೆ ಎರಡು ಮಟ್ಟಗಳಿದ್ದರೆ ಅದು ಒಂದು ಬಿಟ್ ಹೊರುತ್ತದೆ; ನಾಲ್ಕು ಮಟ್ಟಗಳಿದ್ದರೆ ಎರಡು ಬಿಟ್; ಎಂಟು ಮಟ್ಟಗಳಿದ್ದರೆ ಮೂರು. ಹೀಗೆ 6,000 ಮಿಡಿತಗಳಿಂದ 6,000, 12,000, 18,000 ಬಿಟ್‌ಗಳನ್ನು ಕಳುಹಿಸಬಹುದು.

ಹಾಗಾದರೆ ಸಾವಿರ ಮಟ್ಟ, ಲಕ್ಷ ಮಟ್ಟ ಮಾಡಿಬಿಟ್ಟರೆ ಎಷ್ಟು ಬೇಕಾದರೂ ಕಳುಹಿಸಬಹುದಲ್ಲ? ಈ ಪ್ರಶ್ನೆ ನಿಮ್ಮ ಮನಸ್ಸಿಗೂ ಬಂದಿರಬೇಕು. ಇದಕ್ಕೆ ಅಡ್ಡ ಬರುವುದು ಗದ್ದಲ. ಪ್ರತಿಯೊಂದು ತಂತಿಯಲ್ಲೂ ಅಣುಗಳ ಉಷ್ಣಚಲನೆಯಿಂದಲೇ ಒಂದಿಷ್ಟು ವಿದ್ಯುತ್ ಗದ್ದಲ ಇದ್ದೇ ಇರುತ್ತದೆ. ಮಟ್ಟಗಳು ತೀರ ಹತ್ತಿರವಾದರೆ ಗದ್ದಲ ಯಾವುದು, ಮಟ್ಟದ ವ್ಯತ್ಯಾಸ ಯಾವುದು ಎಂದು ತಿಳಿಯುವುದಿಲ್ಲ. ಜಾತ್ರೆಯಲ್ಲಿ ಪಿಸುಮಾತು ಕೇಳಿಸದಂತೆ.

ಈ ಎಲ್ಲ ಎಳೆಗಳನ್ನು ಒಂದುಗೂಡಿಸಿದವರು ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್. 1948ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಪರ್ಕ ವಿಜ್ಞಾನದ ದಿಕ್ಕನ್ನೇ ಬದಲಿಸಿತು. 'ಬಿಟ್' ಎಂಬ ಪದ ಅಚ್ಚಿನಲ್ಲಿ ಕಾಣಿಸಿದ್ದು ಆ ಪ್ರಬಂಧದಲ್ಲಿ. ಪದವನ್ನು ಸೂಚಿಸಿದವರು ಜಾನ್ ಟುಕಿ ಎಂದು ಶ್ಯಾನನ್ ಅಲ್ಲಿಯೇ ಹೇಳಿದ್ದಾರೆ. ಶ್ಯಾನನ್ ಸೂತ್ರವನ್ನು ಮಾತಿನಲ್ಲಿ ಹೀಗೆ ಹೇಳಬಹುದು. ಸಂಕೇತದ ಶಕ್ತಿ ಗದ್ದಲದ ಶಕ್ತಿಯ ಎಷ್ಟು ಪಟ್ಟು ಇದೆ ಎಂದು ನೋಡಿ. ಅದಕ್ಕೆ ಒಂದನ್ನು ಕೂಡಿಸಿ. ಬಂದದ್ದು ಎರಡರ ಎಷ್ಟನೆಯ ಘಾತ ಎಂದು ಕಂಡುಹಿಡಿಯಿರಿ. ಅದನ್ನು ಬ್ಯಾಂಡ್‌ವಿಡ್ತ್‌ನಿಂದ ಗುಣಿಸಿ. ಸೆಕೆಂಡಿಗೆ ಸಾಗಬಹುದಾದ ಬಿಟ್‌ಗಳ ಮೇಲಿನ ಮಿತಿ ಸಿಕ್ಕಿತು.

ಈ ಮಿತಿಯ ಒಳಗೆ ಇರುವವರೆಗೆ, ಸರಿಯಾದ ಸಂಕೇತ ಕ್ರಮದಿಂದ ತಪ್ಪುಗಳನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಮಿತಿಯನ್ನು ಮೀರಿದರೆ ಯಾವ ಜಾಣತನವೂ ಕೈಹಿಡಿಯದು. ವೈಟ್‌ಹೌಸ್ ಕಾಲದಲ್ಲಿ ಊಹೆ, ವಾದ, ಹಟಗಳಿದ್ದ ಜಾಗದಲ್ಲಿ ಈಗ ಒಂದು ಪ್ರಮೇಯ ನಿಂತಿತು.

ಟೆಲಿಫೋನ್ ತಂತಿಯ ಎಲ್ಲೆ

ಸೂತ್ರವನ್ನು ಪರೀಕ್ಷಿಸಿ ನೋಡೋಣ. ಸಾಮಾನ್ಯ ಟೆಲಿಫೋನ್ ಮಾರ್ಗದ ಬ್ಯಾಂಡ್‌ವಿಡ್ತ್ ಸುಮಾರು 3,000 ಹರ್ಟ್ಸ್. ಸಂಕೇತ ಗದ್ದಲಕ್ಕಿಂತ ಸಾವಿರ ಪಟ್ಟು ಬಲವಾಗಿದೆ ಎಂದುಕೊಳ್ಳೋಣ. 1,001 ಎಂಬುದು ಎರಡರ ಸುಮಾರು 9.97ನೆಯ ಘಾತ. ಗುಣಿಸಿದರೆ ಸೆಕೆಂಡಿಗೆ ಸುಮಾರು 29,900 ಬಿಟ್.

ಈಗ ಇತಿಹಾಸವನ್ನು ನೋಡಿ. 1962ರ ಮೋಡೆಮ್‌ಗಳ ವೇಗ 300 ಬಿಟ್. 1984ರ ಮಾನಕದಲ್ಲಿ 9,600. 1994ರಲ್ಲಿ 28,800. 1996ರಲ್ಲಿ 33,600. ಮುಂದೆ? ಗೋಡೆಗೆ ತಲೆ ತಾಗಿತು. 1948ರಲ್ಲಿ ಕಾಗದದ ಮೇಲೆ ಬರೆದ ಎಲ್ಲೆಯ ಬಳಿಗೆ ಯಂತ್ರಗಳು ಬಂದು ನಿಂತದ್ದು ಸುಮಾರು ಅರ್ಧ ಶತಮಾನದ ನಂತರ. 1998ರ ಮಾನಕದಲ್ಲಿ 56,000 ಬಿಟ್ ಸಾಧ್ಯವಾದದ್ದು ನಿಯಮವನ್ನು ಮುರಿದಲ್ಲ. ಸೇವೆ ಕೊಡುವವರ ತುದಿ ಡಿಜಿಟಲ್ ಆಗಿದ್ದರಿಂದ ಆ ದಿಕ್ಕಿನಲ್ಲಿ ಒಂದು ಬಗೆಯ ಗದ್ದಲವೇ ಇಲ್ಲವಾಯಿತು. ಗದ್ದಲ ಇಳಿದಾಗ ಸೂತ್ರದ ಉತ್ತರ ತಾನಾಗಿ ಏರಿತು.

ಟೆಲಿಫೋನ್ ಧ್ವನಿಯನ್ನೇ ಅಂಕಿಗಳಾಗಿ ಮಾಡಿದರೆ ಎಷ್ಟು ಬಿಟ್ ಬೇಕು? ಧ್ವನಿಗೆ 4,000 ಹರ್ಟ್ಸ್ ಸಾಕು ಎಂದು ಹಿಡಿದರೆ ನೈಕ್ವಿಸ್ಟ್ ನಿಯಮದಂತೆ ಸೆಕೆಂಡಿಗೆ 8,000 ಮಾದರಿಗಳು ಬೇಕು. ಪ್ರತಿ ಮಾದರಿಗೆ 8 ಬಿಟ್. ಒಟ್ಟು 64,000 ಬಿಟ್. '64 ಕಿಲೋಬಿಟ್' ಎಂಬ ಪ್ರಸಿದ್ಧ ಸಂಖ್ಯೆ ಹುಟ್ಟಿದ್ದು ಹೀಗೆ. ಅದು ಅಂಕಿಗಳ ರೂಪದಲ್ಲಿರುವ ಒಬ್ಬ ಮನುಷ್ಯನ ಮಾತು.

ಈ ಸಂಖ್ಯೆಗೂ ನಮ್ಮ ಬೆಂಗಳೂರಿಗೂ ನಂಟಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ಆರಂಭಿಸಿ, ಉಪಗ್ರಹದ ಮೂಲಕ ವಿದೇಶಕ್ಕೆ ನೇರ ದತ್ತಾಂಶ ಸಂಪರ್ಕ ಪಡೆಯಿತು. 1986ರಲ್ಲಿ ಆರಂಭವಾದ ಎರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. 1991ರಲ್ಲಿ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ ಸ್ಥಾಪನೆಯಾದ ಮೇಲೆ ಸಣ್ಣ ಕಂಪನಿಗಳಿಗೂ ಉಪಗ್ರಹ ಸಂಪರ್ಕ ದೊರೆಯತೊಡಗಿತು. ಆ ದಿನಗಳಲ್ಲಿ 64 ಕಿಲೋಬಿಟ್ ಮಾರ್ಗವೆಂದರೆ ಹೆಮ್ಮೆಯ ವಿಷಯ.

ಅಂಥ ಒಂದು ಮಾರ್ಗ ಹಗಲೂ ರಾತ್ರಿ ಬಿಡುವಿಲ್ಲದೆ ದುಡಿದರೆ ಎಷ್ಟು ಸಾಗಿಸುತ್ತದೆ? ದಿನಕ್ಕೆ 86,400 ಸೆಕೆಂಡು. 64,000ದಿಂದ ಗುಣಿಸಿದರೆ 552 ಕೋಟಿ 96 ಲಕ್ಷ ಬಿಟ್. ಎಂಟರಿಂದ ಭಾಗಿಸಿದರೆ 69 ಕೋಟಿ 12 ಲಕ್ಷ ಬೈಟ್. ಸುಮಾರಾಗಿ ಒಂದು ಸಿ.ಡಿ. ತಟ್ಟೆಯಲ್ಲಿ ಹಿಡಿಯುವಷ್ಟು. ದಿನಕ್ಕೊಂದು ಸಿ.ಡಿ., ಅಷ್ಟೇ! ನಮ್ಮ ಸಾಫ್ಟ್‌ವೇರ್ ರಫ್ತು ಬೆಳೆಯತೊಡಗಿದ್ದು ಇಂಥ ಕಿರಿದಾದ ದಾರಿಗಳಲ್ಲಿ.

ಒಂದು ಚಿತ್ರ, ಎರಡು ಭಾಷೆ

ಧ್ವನಿಯ ಲೆಕ್ಕ ಹೀಗಾದರೆ ಚಿತ್ರದ ಲೆಕ್ಕ ಇನ್ನೂ ದೊಡ್ಡದು. ಟೆಲಿವಿಷನ್ ಕಾರ್ಯಕ್ರಮ ತಯಾರಿಸುವ ನಮ್ಮಂಥವರಿಗೆ ಇದು ದಿನನಿತ್ಯದ ಚಿಂತೆ. ಹಳೆಯ ಮಾದರಿಯ ಟಿ.ವಿ. ಚಿತ್ರಕ್ಕೆ ಸುಮಾರು 50 ಲಕ್ಷ ಹರ್ಟ್ಸ್ ಬೇಕು. ಒಳ್ಳೆಯ ಧ್ವನಿಗೆ 15,000 ಹರ್ಟ್ಸ್ ಸಾಕು. ಅಂದರೆ ಚಿತ್ರ ಧ್ವನಿಗಿಂತ ಮುನ್ನೂರು ಪಟ್ಟು ಹೆಚ್ಚು ಜಾಗ ಬೇಡುತ್ತದೆ.

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಈ ವ್ಯತ್ಯಾಸವನ್ನು ಸೊಗಸಾಗಿ ಬಳಸಿಕೊಳ್ಳಲಾಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಎರಡು ಭಾಷೆಗೆ ಎರಡು ಚಿತ್ರ ಕಳುಹಿಸುವುದು ದುಬಾರಿ. ಆದ್ದರಿಂದ ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಮಾರ್ಗಗಳನ್ನು ಕಳುಹಿಸಲಾಯಿತು. ಕರ್ನಾಟಕದ ಹಳ್ಳಿಯಲ್ಲಿ ಕನ್ನಡ, ಆಂಧ್ರದ ಹಳ್ಳಿಯಲ್ಲಿ ತೆಲುಗು. ಪರದೆಯ ಮೇಲಿನ ಚಿತ್ರ ಮಾತ್ರ ಒಂದೇ.

ಚಿತ್ರವನ್ನು ಅಂಕಿಗಳಾಗಿ ಮಾಡುವ 1982ರ ಸ್ಟುಡಿಯೋ ಮಾನಕದಂತೆ ಒಂದು ಸೆಕೆಂಡಿನ ಚಿತ್ರಕ್ಕೆ 21 ಕೋಟಿ 60 ಲಕ್ಷ ಬಿಟ್ ಬೇಕು. 64 ಕಿಲೋಬಿಟ್ ಮಾರ್ಗದಲ್ಲಿ ಆ ಒಂದು ಸೆಕೆಂಡಿನ ಚಿತ್ರವನ್ನು ಕಳುಹಿಸಲು 56 ನಿಮಿಷ 15 ಸೆಕೆಂಡು ಹಿಡಿಯುತ್ತದೆ! ತಂತಿಯನ್ನು ದೊಡ್ಡದು ಮಾಡುವುದು ಒಂದು ದಾರಿ. ಸಂದೇಶವನ್ನು ಚಿಕ್ಕದು ಮಾಡುವುದು ಇನ್ನೊಂದು. ವಾರ್ತೆ ಓದುವವರ ಹಿಂದಿನ ಗೋಡೆ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ. ಅದನ್ನು ಮತ್ತೆ ಮತ್ತೆ ಏಕೆ ಕಳುಹಿಸಬೇಕು? ಬದಲಾದದ್ದನ್ನು ಮಾತ್ರ ಕಳುಹಿಸಿದರೆ ಸಾಕು. 1990ರ ದಶಕದಲ್ಲಿ ಬಂದ ಎಂಪೆಗ್-2 ಎಂಬ ಸಂಕೋಚನ ವಿಧಾನ ಇಂಥ ಉಪಾಯಗಳಿಂದ ಅದೇ ಚಿತ್ರವನ್ನು ಸೆಕೆಂಡಿಗೆ ಐವತ್ತು ಲಕ್ಷ ಬಿಟ್‌ಗಳ ಆಸುಪಾಸಿಗೆ ಇಳಿಸಿತು.

ಲೆಕ್ಕ ಎಡವುವ ಜಾಗಗಳು

ಇನ್ನು ನೀವೇ ಲೆಕ್ಕ ಹಾಕುವಾಗ ಗಮನಿಸಬೇಕಾದ ಮೂರು ಸಂಗತಿಗಳಿವೆ.

ಒಂದು, ಬಿಟ್ ಮತ್ತು ಬೈಟ್ ಬೇರೆ ಬೇರೆ. ಸಂಪರ್ಕದ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಬೈಟ್‌ನಲ್ಲಿ. ಜಾಹೀರಾತಿನಲ್ಲಿ 'ಸೆಕೆಂಡಿಗೆ 40 ಮೆಗಾಬಿಟ್' ಎಂದಿದ್ದರೆ ನಿಮಗೆ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 5 ಮೆಗಾಬೈಟ್. ಎಂಟರ ಭಾಗಾಕಾರ ಮರೆತರೆ ಎಂಟು ಪಟ್ಟು ನಿರಾಶೆ.

ಎರಡು, ಹೊದಿಕೆಯ ತೂಕ. ಅಂಚೆಯಲ್ಲಿ ಪತ್ರ ಕಳುಹಿಸಿದರೆ ಲಕೋಟೆಗೂ ತೂಕವಿರುತ್ತದೆ. ದತ್ತಾಂಶದ ಜೊತೆಗೂ ವಿಳಾಸ, ತಪ್ಪು ಪತ್ತೆ ಮಾಡುವ ಗುರುತು ಮುಂತಾದವು ಸಾಗುತ್ತವೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ಆರಂಭಿಸಿದಾಗ ಮನೆಯ ಟೆಲಿಫೋನಿನಲ್ಲಿ ದೊರೆತ ವೇಗ 9,600 ಬಿಟ್. ಒಂದು ಫ್ಲಾಪಿಯಲ್ಲಿ ಹಿಡಿಯುವ 14,74,560 ಬೈಟ್‌ಗಳನ್ನು ಆ ವೇಗದಲ್ಲಿ ಕಳುಹಿಸಲು ಬರೀ ಲೆಕ್ಕದಂತೆ 20 ನಿಮಿಷ 29 ಸೆಕೆಂಡು. ಪ್ರತಿ ಬೈಟ್‌ನ ಹಿಂದೆ ಮುಂದೆ ಒಂದೊಂದು ಗುರುತಿನ ಬಿಟ್ ಸೇರಿಸುವ ಕ್ರಮದಲ್ಲಿ ಕಳುಹಿಸಿದರೆ 25 ನಿಮಿಷ 36 ಸೆಕೆಂಡು.

ಮೂರು, ವೇಗ ಬೇರೆ, ತಡ ಬೇರೆ. ಒಂದು ಬಸ್ಸಿನಲ್ಲಿ ಸಾವಿರ ಸಿ.ಡಿ. ಇಟ್ಟು ಬೆಂಗಳೂರಿನಿಂದ ಮೈಸೂರಿಗೆ ಕಳುಹಿಸಿ. ನಾಲ್ಕು ಗಂಟೆ ಪ್ರಯಾಣ, ಒಂದೊಂದು ತಟ್ಟೆಯಲ್ಲಿ 65 ಕೋಟಿ ಬೈಟ್ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 36 ಕೋಟಿ ಬಿಟ್ ಸಾಗಿಸುವ 'ಸಂಪರ್ಕ' ಅದು! ಆದರೆ ಮೊದಲ ಬಿಟ್ ಕೈಗೆ ಸಿಗಲು ನಾಲ್ಕು ಗಂಟೆ ಕಾಯಬೇಕು. ಆ ಬಸ್ಸಿನಲ್ಲಿ ಟೆಲಿಫೋನ್ ಸಂಭಾಷಣೆ ನಡೆಸಲಾಗದು. ಭೂಸ್ಥಿರ ಉಪಗ್ರಹದ ಮೂಲಕ ಮಾತನಾಡುವಾಗಲೂ ಸಂಕೇತ 36,000 ಕಿಲೋಮೀಟರ್ ಮೇಲೇರಿ ಅಷ್ಟೇ ದೂರ ಇಳಿಯಬೇಕಾಗಿರುವುದರಿಂದ ಕಾಲು ಸೆಕೆಂಡಿನಷ್ಟು ತಡವಾಗುತ್ತದೆ. ಎಷ್ಟೇ ಹೆಚ್ಚು ಬಿಟ್ ಸಾಗಿದರೂ ಆ ತಡ ಕಡಿಮೆಯಾಗದು.

ಮತ್ತೆ ಅದೇ ಸಾಗರ

ತಾಮ್ರದ ಕಾಲ ಸಮುದ್ರದ ತಳದಲ್ಲಿ ಮುಗಿಯಿತು. ಪಂಜಾಬಿನಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ 1954ರಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆಗೂಡಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ದೂರ ಸಂಪರ್ಕಕ್ಕೆ ಗಾಜಿನ ಎಳೆ ಸಾಕಷ್ಟು ಶುದ್ಧವಾಗಿದ್ದರೆ ಸಾಕು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ಲೆಕ್ಕ ಹಾಕಿ ಹೇಳಿದರು. ಗಮನಿಸಿ, ಅಂಥ ಶುದ್ಧ ಗಾಜಿನ ಎಳೆ ಆಗ ಇರಲಿಲ್ಲ; ಲೆಕ್ಕ ಮೊದಲು ಬಂತು, ಗಾಜು ಆಮೇಲೆ ಬಂತು. 1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಗಾಜಿನೆಳೆ ಕೇಬಲ್‌ನ ಒಂದು ಜೋಡಿ ಎಳೆಯ ಸಾಮರ್ಥ್ಯ ಸೆಕೆಂಡಿಗೆ 28 ಕೋಟಿ ಬಿಟ್. 2017ರಲ್ಲಿ ಅಮೆರಿಕ ಮತ್ತು ಸ್ಪೇನ್ ನಡುವೆ ಪೂರ್ಣಗೊಂಡ 'ಮರೇಯಾ' ಕೇಬಲ್ ಅನ್ನು 160 ಲಕ್ಷ ಕೋಟಿ ಬಿಟ್‌ಗಳಿಗೆ ವಿನ್ಯಾಸ ಮಾಡಲಾಯಿತು. ಸೆಕೆಂಡಿಗೆ ಸುಮಾರು ಮೂವತ್ತು ಸಾವಿರ ಸಿ.ಡಿ.!

ಈ ಅಂಕಿಗಳ ಅಗಾಧತೆಗಿಂತ ಮುಖ್ಯವಾದದ್ದು ಇನ್ನೊಂದಿದೆ. 1858ರಲ್ಲಿ ಕೇಬಲ್ ಹಾಕಿದವರಿಗೆ ಧೈರ್ಯವಿತ್ತು, ಹಣವಿತ್ತು, ಹಡಗುಗಳಿದ್ದವು. ಲೆಕ್ಕವೂ ಇತ್ತು, ಅದನ್ನು ನಂಬುವ ಮನಸ್ಸು ಇರಲಿಲ್ಲ. 1866ರಲ್ಲಿ ಸಾಗರ ಅದೇ, ದೂರ ಅದೇ. ಬದಲಾದದ್ದು ಲೆಕ್ಕಕ್ಕೆ ಸಿಕ್ಕ ಮರ್ಯಾದೆ.

ಈಗ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಮೊಬೈಲಿಗೆ ದಿನಕ್ಕೆ ಒಂದೂವರೆ ಗಿಗಾಬೈಟ್ ಮಿತಿ ಇದೆ, ವೇಗ ಸೆಕೆಂಡಿಗೆ 10 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಆ ವೇಗವನ್ನು ಪೂರ್ತಿ ಬಳಸಿದರೆ ದಿನದ ಪಾಲು ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ? ಒಂದೂವರೆ ಗಿಗಾಬೈಟ್ ಎಂದರೆ 12,000 ಮೆಗಾಬಿಟ್. ಹತ್ತರಿಂದ ಭಾಗಿಸಿದರೆ 1,200 ಸೆಕೆಂಡು. ಇಪ್ಪತ್ತೇ ನಿಮಿಷ. ವೇಗ ಕೊಟ್ಟವರು ಯಾರು, ಮಿತಿ ಇಟ್ಟವರು ಯಾರು, ಇವೆರಡಕ್ಕೂ ನೀವು ಕೊಡುತ್ತಿರುವ ಬೆಲೆ ಎಷ್ಟು ಎಂಬ ಪ್ರಶ್ನೆಗಳು ಆಗ ತಾವಾಗಿ ಏಳುತ್ತವೆ. ಪ್ರಶ್ನೆ ಕೇಳುವ ಮೊದಲು ಲೆಕ್ಕ ಹಾಕಿಕೊಳ್ಳಿ.